ಸ್ಥಳೀಯ ಸಂಸ್ಥೆಗಳ ವಿದೇಶ ಸೌಜನ್ಯ ಭೇಟಿ

“ಕೋಶ ಓದು, ದೇಶ ಸುತ್ತು” ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ನಗರಸಭೆಯ ಸದಸ್ಯರೋ ಪಂಚಾಯಿತಿಯ ಅಧ್ಯಕ್ಷರೋ ಪರದೇಶಕ್ಕೆ ಹೊರಟರೆಂಬ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಮ್ಮ ಬಾಯಿಂದ ಹೊರಡುವುದು ಈ ಗಾದೆಯಲ್ಲ, “ಯಾರ ದುಡ್ಡಿನಲ್ಲಿ?” ಎಂಬ ಪ್ರಶ್ನೆ. ಆ ಪ್ರಶ್ನೆ ಅನ್ಯಾಯವೆಂದು ನಾನು ಹೇಳಲಾರೆ. ಕಂದಾಯ ಕಟ್ಟುವವನಿಗೆ ಕೇಳುವ ಹಕ್ಕುಂಟು. ಆದರೆ ಪ್ರಶ್ನೆಯನ್ನು ಕೇಳಿ ಅಷ್ಟಕ್ಕೇ ಸುಮ್ಮನಾಗುವುದು ವಿದ್ಯಾರ್ಥಿಗೆ ತಕ್ಕುದಲ್ಲ. ಇಂತಹ ಭೇಟಿಗಳು ಏತಕ್ಕಾಗಿ ನಡೆಯುತ್ತವೆ, ಅವುಗಳನ್ನು ಏರ್ಪಡಿಸುವ ಕ್ರಮವೇನು, ಅವು ಯಾವಾಗ ಸಾರ್ಥಕ, ಯಾವಾಗ ವ್ಯರ್ಥ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ವಿಚಾರ ಮಾಡಲು ಯತ್ನಿಸಿದ್ದೇನೆ.

ಮೊದಲು ಸೌಜನ್ಯ ಭೇಟಿ ಎಂದರೇನೆಂಬುದನ್ನು ತಿಳಿಯೋಣ. ಒಂದು ಊರಿನ ಅಧಿಕೃತ ಪ್ರತಿನಿಧಿಗಳು ಇನ್ನೊಂದು ಊರಿನ ಅಧಿಕೃತ ಪ್ರತಿನಿಧಿಗಳನ್ನು ಅವರ ಕಚೇರಿಯಲ್ಲಿ ಕಂಡು, ಗೌರವ ಸಲ್ಲಿಸಿ, ಪರಿಚಯ ಮಾಡಿಕೊಂಡು ಬರುವುದೇ ಸೌಜನ್ಯ ಭೇಟಿ. ಅಲ್ಲಿ ವ್ಯಾಪಾರದ ಚೌಕಾಸಿಯಿಲ್ಲ, ಜಗಳದ ತೀರ್ಮಾನವಿಲ್ಲ. ಹಾಗಾದರೆ ಅದರಿಂದ ಪ್ರಯೋಜನವೇನು ಎಂದು ಕೇಳುವವರಿಗೆ ನಮ್ಮ ಹಳ್ಳಿಯ ಬೀಗರ ಮನೆಯ ಪದ್ಧತಿಯನ್ನು ನೆನಪಿಸುತ್ತೇನೆ. ನನ್ನೂರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ. ಹೊಸದಾಗಿ ಸಂಬಂಧ ಬೆಳೆಸಿದ ಮನೆಗೆ ನಮ್ಮಲ್ಲಿ ಯಾರೂ ಹೇಳದೆ ಕೇಳದೆ ಹೋಗುವುದಿಲ್ಲ. ಮುಂಚಿತವಾಗಿ ಸುದ್ದಿ ಕಳುಹಿಸುತ್ತಾರೆ. ದಿನ ಗೊತ್ತುಮಾಡುತ್ತಾರೆ. ಯಾರು ಯಾರು ಹೋಗಬೇಕು, ಹಣ್ಣು ಕಾಯಿ ಯಾರು ಹಿಡಿಯಬೇಕು, ಮೊದಲ ಮಾತು ಯಾರದಿರಬೇಕು ಎಂಬುದೆಲ್ಲ ಜಗುಲಿಯ ಮೇಲೆಯೇ ನಿಶ್ಚಯವಾಗುತ್ತದೆ. ಹೋದವರು ಅಂದು ಊಟ ಮಾಡಿ, ಕ್ಷೇಮ ಸಮಾಚಾರ ಕೇಳಿ, ತಾಂಬೂಲ ಪಡೆದು ಬರುತ್ತಾರೆ, ಅಷ್ಟೇ. ಆದರೆ ಮುಂದೆ ಕಷ್ಟಕಾಲ ಬಂದಾಗ ಆ ಬಾಗಿಲನ್ನು ತಟ್ಟಲು ಧೈರ್ಯ ಬರುವುದು ಅಂದು ಹೋಗಿದ್ದರಿಂದಲೇ. ರಾಷ್ಟ್ರ ರಾಷ್ಟ್ರಗಳ, ನಗರ ನಗರಗಳ ನಡುವಣ ಸೌಜನ್ಯ ಭೇಟಿಯೂ ಇದೇ ಜಾತಿಯದು.

ರಾಜರ ಕಾಲದಲ್ಲಿ ಈ ಕಾರ್ಯ ಅರಮನೆಯದಾಗಿತ್ತು. ಹೆರಾತಿನ ಷಾರುಖ್ ದೊರೆಯ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದು ಎರಡನೆಯ ದೇವರಾಯನ ಆಸ್ಥಾನದ ಸತ್ಕಾರ ಪಡೆದನು. ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನನು ಕಳುಹಿಸಿದ ಮೂವರು ರಾಯಭಾರಿಗಳನ್ನು ಫ್ರಾನ್ಸಿನ ಹದಿನಾರನೆಯ ಲೂಯಿ 1788ರ ಆಗಸ್ಟ್ ತಿಂಗಳಲ್ಲಿ ವರ್ಸೈ ಅರಮನೆಯಲ್ಲಿ ವೈಭವದಿಂದ ಬರಮಾಡಿಕೊಂಡನು. ಆದರೆ ಸುಲ್ತಾನನಿಗೆ ಬೇಕಾಗಿದ್ದ ಸೈನಿಕ ಮೈತ್ರಿ ದೊರೆಯಲಿಲ್ಲ. ಮರುವರ್ಷವೇ ಆ ದೇಶದಲ್ಲಿ ಕ್ರಾಂತಿ ಸಿಡಿಯಿತು. ಮರ್ಯಾದೆ ಬೇರೆ, ಕಾರ್ಯಸಿದ್ಧಿ ಬೇರೆ ಎಂಬ ಪಾಠವನ್ನು ಈ ಪ್ರಸಂಗದಿಂದ ಕಲಿಯಬಹುದು.

ಊರು ಊರಿನೊಡನೆ ನೇರವಾಗಿ ಸ್ನೇಹ ಬೆಳೆಸುವ ಪದ್ಧತಿ ಈಚಿನದು. ಅದು ಬಲಗೊಂಡದ್ದು ಎರಡನೆಯ ಮಹಾಯುದ್ಧದ ಬೂದಿಯಿಂದ. ಇಂಗ್ಲೆಂಡಿನ ಕವೆಂಟ್ರಿ ನಗರ 1940ರ ನವೆಂಬರಿನಲ್ಲಿ ಬಾಂಬುಗಳ ಮಳೆಗೆ ಸಿಕ್ಕಿ ಸುಟ್ಟುಹೋಯಿತು. ಅಂತಹುದೇ ಸಂಕಟಕ್ಕೆ ರಷ್ಯದ ಸ್ಟಾಲಿನ್‌ಗ್ರಾಡ್ ಗುರಿಯಾದಾಗ ಕವೆಂಟ್ರಿಯ ಹೆಂಗಸರು ತಮ್ಮ ಹೆಸರುಗಳನ್ನು ಕಸೂತಿ ಹಾಕಿದ ಮೇಜುವಸ್ತ್ರವೊಂದನ್ನು ಅಲ್ಲಿಗೆ ಕಳುಹಿಸಿದರು. 1944ರಲ್ಲಿ ಆ ಎರಡು ನಗರಗಳು ಸೋದರಿ ನಗರಗಳಾದವು. 1956ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರು ಜನರಿಂದ ಜನರಿಗೆ ಎಂಬ ಹೆಸರಿನ ಆಂದೋಲನಕ್ಕೆ ಚಾಲನೆ ಕೊಟ್ಟರು. ಆ ದೇಶದಲ್ಲಿ ಸೋದರಿ ನಗರಗಳ ವ್ಯವಸ್ಥೆ ಹಬ್ಬಿದ್ದು ಅದರಿಂದ.

ನಮ್ಮ ನಾಡಿನಲ್ಲಿ ಬೆಂಗಳೂರು 1973ರಲ್ಲಿ ಮಿನ್ಸ್ಕ್ ನಗರದೊಡನೆ ಇಂತಹ ಸ್ನೇಹ ಬೆಳೆಸಿತು. ಮಿನ್ಸ್ಕ್ ಆಗ ಸೋವಿಯತ್ ಒಕ್ಕೂಟದಲ್ಲಿತ್ತು. ಈಗ ಬೆಲರೂಸ್ ದೇಶದ ರಾಜಧಾನಿ. ಬೆಂಗಳೂರಿಗೆ ಹೋದವರು ಕಬ್ಬನ್ ಉದ್ಯಾನದ ಬಳಿ ಮಿನ್ಸ್ಕ್ ಚೌಕವನ್ನು ದಾಟಿಯೇ ಇರುತ್ತಾರೆ. ಹೆಸರು ಏಕೆ ಬಂತೆಂದು ಕೇಳಿದವರು ಮಾತ್ರ ವಿರಳ. ಅತ್ತ ಮಿನ್ಸ್ಕ್ ನಗರದಲ್ಲಿಯೂ ಬ್ಯಾಂಗಲೋರ್ ಹೆಸರಿನ ಚೌಕವೊಂದುಂಟು. ಮೈಸೂರು 2012ರಲ್ಲಿ ಅಮೆರಿಕದ ಸಿನ್ಸಿನಾಟಿಗೆ ಸೋದರಿ ನಗರವಾಯಿತು. 2013ರ ಅಕ್ಟೋಬರ್‌ನಲ್ಲಿ ಪ್ರಧಾನಿ ಮನಮೋಹನ ಸಿಂಗ್ ಅವರು ಚೀನಾಕ್ಕೆ ಹೋಗಿದ್ದಾಗ ದೆಹಲಿಗೆ ಬೀಜಿಂಗ್, ಕೋಲ್ಕತ್ತಕ್ಕೆ ಕುನ್‌ಮಿಂಗ್, ಬೆಂಗಳೂರಿಗೆ ಚೆಂಗ್ಡು ಎಂದು ಮೂರು ಜೋಡಿಗಳ ಒಪ್ಪಂದವಾಯಿತು. 2015ರ ಮೇ ತಿಂಗಳಲ್ಲಿ ಕರ್ನಾಟಕ ರಾಜ್ಯಕ್ಕೂ ಚೆಂಗ್ಡು ಇರುವ ಸಿಚುವಾನ್ ಪ್ರಾಂತಕ್ಕೂ ಅಂತಹುದೇ ಸಂಬಂಧ ಏರ್ಪಟ್ಟಿತು. ಇಂತಹ ಒಪ್ಪಂದಗಳ ಫಲವಾಗಿಯೇ ಮೇಯರ್, ಆಯುಕ್ತ, ಸದಸ್ಯರನ್ನೊಳಗೊಂಡ ನಿಯೋಗಗಳು ಅತ್ತಿತ್ತ ಹೋಗಿಬರುವ ದಾರಿ ತೆರೆಯುತ್ತದೆ.

ಇನ್ನು ಕಾನೂನಿನ ವಿಚಾರ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ವಿದೇಶ ವ್ಯವಹಾರವು ಕೇಂದ್ರ ಪಟ್ಟಿಯ 10ನೆಯ ವಿಷಯ. ಪರದೇಶಗಳೊಡನೆ ಕರಾರು ಮಾಡಿಕೊಳ್ಳುವುದು 14ನೆಯ ವಿಷಯ. ಸ್ಥಳೀಯ ಆಡಳಿತವಾದರೋ ರಾಜ್ಯ ಪಟ್ಟಿಯ 5ನೆಯ ವಿಷಯ. ಆದುದರಿಂದ ನಗರಸಭೆಯೊಂದು ಪರದೇಶದ ಕದ ತಟ್ಟಬೇಕಾದರೆ ರಾಜ್ಯ ಸರ್ಕಾರದ ಅಪ್ಪಣೆಯೂ ಬೇಕು, ಕೇಂದ್ರದ ವಿದೇಶಾಂಗ ಸಚಿವಾಲಯದ ರಾಜಕೀಯ ಅನುಮತಿಯೂ ಬೇಕು. ಆ ದೇಶದೊಡನೆ ನಮ್ಮ ಸಂಬಂಧ ಅಂದು ಹೇಗಿದೆ, ಕರೆದವರು ಎಂತಹವರು ಎಂಬುದು ಕುಣಿಗಲ್ಲಿನಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ, ದೆಹಲಿಗೆ ತಿಳಿದಿರುತ್ತದೆ. ರಾಜ್ಯಗಳ ಇಂತಹ ವ್ಯವಹಾರಗಳನ್ನು ನೋಡಿಕೊಳ್ಳಲೆಂದೇ ಆ ಸಚಿವಾಲಯದಲ್ಲಿ 2014ರಲ್ಲಿ ಪ್ರತ್ಯೇಕ ವಿಭಾಗವೊಂದನ್ನು ತೆರೆಯಲಾಯಿತು.

ಇದಲ್ಲದೆ ಇನ್ನೊಂದು ಕಾನೂನುಂಟು. ಅದನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ 6ನೆಯ ಪ್ರಕರಣವು ಶಾಸನಸಭೆಯ ಸದಸ್ಯರು, ರಾಜಕೀಯ ಪಕ್ಷದ ಪದಾಧಿಕಾರಿಗಳು, ನ್ಯಾಯಾಧೀಶರು, ಸರ್ಕಾರಿ ನೌಕರರು ಮೊದಲಾದವರು ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರದೇಶದಲ್ಲಿ ಪರಕೀಯರ ಆತಿಥ್ಯ ಸ್ವೀಕರಿಸಕೂಡದೆಂದು ವಿಧಿಸುತ್ತದೆ. ಆತಿಥ್ಯವೆಂದರೆ ಪ್ರಯಾಣದ ವೆಚ್ಚ, ಉಚಿತ ಊಟ, ವಸತಿ, ವಾಹನ, ಚಿಕಿತ್ಸೆ. ಹಠಾತ್ತನೆ ಕಾಯಿಲೆಯಾಗಿ ಚಿಕಿತ್ಸೆ ಪಡೆಯಬೇಕಾಗಿ ಬಂದರೆ ಅನುಮತಿ ಬೇಡ. ಆದರೆ ಒಂದು ತಿಂಗಳೊಳಗೆ ವಿವರ ತಿಳಿಸಬೇಕು. ಇಷ್ಟು ಸರಿ. ಶಾಸನಸಭೆಯೆಂದರೆ ಯಾವುದು? ಅದೇ ಕಾಯ್ದೆಯ ಅರ್ಥವಿವರಣೆಯಲ್ಲಿ ಸಂಸತ್ತು, ವಿಧಾನಸಭೆಗಳೊಡನೆ ಪುರಸಭೆಯೂ ಪಂಚಾಯಿತಿಯೂ ಸೇರಿವೆ!

ನನ್ನ ತಾಯಿ ಒಂದು ಅವಧಿಗೆ ಗ್ರಾಮ ಪಂಚಾಯಿತಿಯ ಸದಸ್ಯೆಯಾಗಿದ್ದರು. ತಮ್ಮ ಹೆಸರನ್ನು ಬರೆಯುವುದಷ್ಟೇ ಅವರು ಬಲ್ಲ ಅಕ್ಷರ. ಸಭೆಯಲ್ಲಿ ಬಾಗಿಲ ಪಕ್ಕದ ಕುರ್ಚಿಯೇ ತನಗೆ ಸಾಕೆಂದು ಭಾವಿಸಿದ್ದವರು. ಈ ಒಂದು ವಿಷಯದಲ್ಲಿ ಅವರನ್ನೂ ಲೋಕಸಭೆಯ ಸದಸ್ಯರನ್ನೂ ಕಾನೂನು ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ಮರ್ಯಾದೆಯಲ್ಲಿ ಸಮಾನತೆ ದೊರೆತರೆ ಜವಾಬ್ದಾರಿಯಲ್ಲಿಯೂ ಸಮಾನತೆ ತಾನಾಗಿ ಬರುತ್ತದೆ. ಊರಿನ ಒಬ್ಬ ಸದಸ್ಯೆ ಪರದೇಶದಲ್ಲಿ ಉಣ್ಣುವ ಒಂದು ಊಟವೂ ಆಕೆಯ ಸ್ವಂತ ಊಟವಲ್ಲ, ಊರಿನ ಪರವಾದ ಊಟವೆಂಬುದು ಇದರ ತಾತ್ಪರ್ಯ.

ಈಗ ಭೇಟಿಯನ್ನು ಏರ್ಪಡಿಸುವ ಕ್ರಮವನ್ನು ನೋಡೋಣ. ಮೊದಲನೆಯದು ಆಹ್ವಾನ ಪತ್ರ. ಅದು ವ್ಯಕ್ತಿಯ ಹೆಸರಿಗಲ್ಲ, ಪದವಿಯ ಹೆಸರಿಗೆ ಬರಬೇಕು. ಎಂದು, ಎಷ್ಟು ಜನ, ಯಾವ ಉದ್ದೇಶ, ಯಾವ ಖರ್ಚು ಯಾರದು ಎಂಬ ನಾಲ್ಕು ಅಂಶಗಳು ಅದರಲ್ಲಿ ಸ್ಪಷ್ಟವಾಗಿರಬೇಕು. ಎರಡನೆಯದು ಸಂಸ್ಥೆಯ ಸಾಮಾನ್ಯ ಸಭೆಯ ನಿರ್ಣಯ. ಹೋಗುವವರು ಏತಕ್ಕೆ ಹೋಗುತ್ತಾರೆಂಬುದನ್ನು ಹೋಗದವರ ಎದುರಿನಲ್ಲಿ ಹೇಳಿ ಒಪ್ಪಿಗೆ ಪಡೆಯುವುದು ಅರ್ಧ ಅನುಮಾನವನ್ನು ಅಲ್ಲಿಯೇ ಕಳೆಯುತ್ತದೆ. ಮೂರನೆಯದು ಮೇಲೆ ಹೇಳಿದ ಅನುಮತಿಗಳು. ನಾಲ್ಕನೆಯದು, ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಮುಂಚಿತವಾಗಿ ತಿಳಿಸುವುದು. ಪರನಾಡಿನಲ್ಲಿ ಭಾರತದ ಪರವಾಗಿ ಮಾತನಾಡುವವರು ರಾಯಭಾರಿಗಳು. ಅವರಿಗೆ ತಿಳಿಯದಂತೆ ಮೇಯರೊಬ್ಬರು ಅಲ್ಲಿಯ ಮೇಯರರನ್ನು ಕಾಣಹೋಗುವುದು, ಊರಿನ ಅಳಿಯನಿಗೆ ಹೇಳದೆ ಅವನ ಕೇರಿಗೆ ಹೋಗಿಬಂದಂತೆ.

ಐದನೆಯದು ನಿಯೋಗದ ಆಯ್ಕೆ. ಸಂಖ್ಯೆ ಚಿಕ್ಕದಿದ್ದಷ್ಟೂ ಮಾತು ದೊಡ್ಡದು. ಮುಖ್ಯಸ್ಥರೊಬ್ಬರು, ವಿಷಯ ಬಲ್ಲ ಅಧಿಕಾರಿಯೊಬ್ಬರು, ಟಿಪ್ಪಣಿ ಬರೆದುಕೊಳ್ಳುವವರೊಬ್ಬರು ಇರಲೇಬೇಕು. ನೀರಿನ ವ್ಯವಸ್ಥೆ ನೋಡಲು ಹೋಗುವ ನಿಯೋಗದಲ್ಲಿ ನೀರು ಬಿಡುವ ಇಲಾಖೆಯ ಎಂಜಿನಿಯರ್ ಇಲ್ಲದೆ ಮುಖ್ಯಸ್ಥರ ಬಂಧುಗಳಿದ್ದರೆ ಅದು ನಿಯೋಗವಲ್ಲ, ದಿಬ್ಬಣ. ಮುಖ್ಯಸ್ಥರಿಗೆ ಇಂಗ್ಲಿಷ್ ಬಾರದೆಂದು ಸಂಕೋಚಪಡಬೇಕಾದ ಕಾರಣವಿಲ್ಲ. ದುಭಾಷಿಯನ್ನು ಮೊದಲೇ ಗೊತ್ತುಮಾಡಿಕೊಂಡು, ಒಂದೊಂದು ವಾಕ್ಯಕ್ಕೂ ನಿಲ್ಲಿಸಿ ಕನ್ನಡದಲ್ಲಿಯೇ ಮಾತನಾಡಬಹುದು. ತಪ್ಪು ಇಂಗ್ಲಿಷಿಗಿಂತ ಸರಿಯಾದ ಕನ್ನಡ ಎಲ್ಲಿಯೂ ಗೌರವದ್ದು.

ಆರನೆಯದು ಕಾಗದಪತ್ರಗಳು. ನಮ್ಮ ದೇಶದ ಪಾಸ್‌ಪೋರ್ಟುಗಳಲ್ಲಿ ಸಾಮಾನ್ಯರದು ಕಡುನೀಲಿ, ಸರ್ಕಾರಿ ಕಾರ್ಯಕ್ಕೆ ಹೋಗುವವರದು ಬಿಳಿ, ರಾಜತಾಂತ್ರಿಕರದು ಕೆಂಗಂದು ಬಣ್ಣದ್ದು. ಯಾರಿಗೆ ಯಾವುದು ಸಲ್ಲುತ್ತದೆಂಬುದನ್ನು ಮೊದಲೇ ವಿಚಾರಿಸಬೇಕು. ವೀಸಾದ ನಿಯಮಗಳು ಅದನ್ನು ಅನುಸರಿಸಿ ಬದಲಾಗುತ್ತವೆ. ಇಲ್ಲಿ ನಮ್ಮವರಿಗೇ ವಿಶಿಷ್ಟವಾದ ಒಂದು ತೊಡಕುಂಟು. ನಮ್ಮ ಹೆಸರಿನ ಹಿಂದೆ ಊರಿನದೂ ತಂದೆಯದೂ ಇನಿಷಿಯಲ್ ಇರುತ್ತದೆಯೇ ಹೊರತು ಮನೆತನದ ಹೆಸರು ಹಲವರಿಗೆ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲನ್ನು ಬಿಡಿಸಿ ಬರೆದಾಗ ಊರೇ ಮನೆತನವಾಗಿಬಿಡುತ್ತದೆ. ಹಾಗೆ ಬರೆಸಿದರೆ ನಾನೂ ಪರದೇಶದಲ್ಲಿ “ಶ್ರೀ ಕೊತ್ತಗೆರೆ” ಆಗುತ್ತೇನೆ! ನಗುವಂತಹ ಮಾತಾದರೂ ಟಿಕೆಟ್ಟು, ಆಹ್ವಾನ ಪತ್ರ, ಪಾಸ್‌ಪೋರ್ಟುಗಳಲ್ಲಿ ಹೆಸರು ಒಂದೇ ತೆರನಾಗಿರದಿದ್ದರೆ ಪ್ರಯಾಣವೇ ನಿಂತೀತು.

ಏಳನೆಯದು ಕಾಣಿಕೆ. ಬರಿಗೈಯಲ್ಲಿ ಹೋಗಬಾರದೆಂಬ ನಮ್ಮ ಪದ್ಧತಿ ಎಲ್ಲ ದೇಶದಲ್ಲಿಯೂ ಇದೆ. ಆದರೆ ಏನನ್ನು ಒಯ್ಯಬೇಕೆಂಬುದರಲ್ಲಿ ವಿವೇಕ ಬೇಕು. ತುಮಕೂರು ಜಿಲ್ಲೆಯವರಿಗೆ ಮೊದಲು ನೆನಪಾಗುವುದು ತಿಪಟೂರಿನ ಕೊಬ್ಬರಿ. ಆದರೆ ಎಣ್ಣೆಯಂಶ ಹೆಚ್ಚಿದ್ದು ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದೆಂಬ ಕಾರಣದಿಂದ ವಿಮಾನಯಾನದ ನಿಯಮಗಳು ಕೊಬ್ಬರಿಯನ್ನು ಅಪಾಯದ ವಸ್ತುಗಳಲ್ಲಿ ಸೇರಿಸಿವೆ. ಚನ್ನಪಟ್ಟಣದ ಗೊಂಬೆ, ಬೀದರಿನ ಬಿದ್ರಿ ಪಾತ್ರೆ, ಮೈಸೂರಿನ ಶ್ರೀಗಂಧದ ಸಾಬೂನು ಇವು ಹಗುರವೂ ಹೌದು, ನಾಡಿನ ಗುರುತೂ ಹೌದು. ಚೆಂಗ್ಡುವಿಗೆ ಹೋಗುವವರು ಗಡಿಯಾರವನ್ನು ಕೊಡಬಾರದು. ಚೀನೀ ಭಾಷೆಯಲ್ಲಿ ಗಡಿಯಾರ ಕೊಡುವುದೆಂಬ ಮಾತು ಸಾಯುವವರ ಕೊನೆಯ ಸೇವೆ ಮಾಡುವುದೆಂಬ ಮಾತಿನಂತೆಯೇ ಕಿವಿಗೆ ಬೀಳುತ್ತದೆ. ಮಿನ್ಸ್ಕ್‌ಗೆ ಹೋಗುವವರು ಹೂವು ಕೊಡುವುದಾದರೆ ಬೆಸಸಂಖ್ಯೆಯಲ್ಲಿ ಕೊಡಬೇಕು. ಅಲ್ಲಿ ಸಮಸಂಖ್ಯೆಯ ಹೂವು ಸಾವಿನ ಮನೆಗೆ. ನಾವು ಮುಯ್ಯಿಗೆ ನೂರು ಕೊಡದೆ ನೂರಾ ಒಂದು ಕೊಡುವುದಿಲ್ಲವೇ? ಎಲ್ಲಿಯ ಮಿನ್ಸ್ಕ್, ಎಲ್ಲಿಯ ಕೊತ್ತಗೆರೆ! ಆದರೂ ಶುಭಕ್ಕೆ ಬೆಸವೇ ಮೇಲೆಂಬ ಭಾವನೆ ಎರಡೂ ಕಡೆ ಒಂದೇ.

ಇನ್ನು ಭೇಟಿಯ ಸಮಯ. ಅದು ಸಾಮಾನ್ಯವಾಗಿ ಅರ್ಧ ಗಂಟೆಯನ್ನು ಮೀರುವುದಿಲ್ಲ. ಆ ಅರ್ಧ ಗಂಟೆಗೆ ತಿಂಗಳುಗಟ್ಟಲೆ ಸಿದ್ಧತೆ ಬೇಕು. ಯಾರು ಎಲ್ಲಿ ಕೂರಬೇಕು, ಯಾರ ಪರಿಚಯ ಮೊದಲು, ಊಟದಲ್ಲಿ ಸಸ್ಯಾಹಾರಿಗಳೆಷ್ಟು ಜನ ಎಂಬುದನ್ನೆಲ್ಲ ಆತಿಥೇಯರಿಗೆ ಬರೆದು ತಿಳಿಸಬೇಕು. ತಲುಪಿದ ದಿನವೇ ಭೇಟಿಯನ್ನಿಟ್ಟುಕೊಂಡರೆ ನಿದ್ದೆಗಣ್ಣಿನ ಮುಖ್ಯಸ್ಥರಿಂದ ಊರಿನ ಮರ್ಯಾದೆ ಹೋದೀತು. ನಮ್ಮ ರಾಷ್ಟ್ರದ ನೀತಿಗೆ ಸಂಬಂಧಿಸಿದ ಪ್ರಶ್ನೆ ಬಂದರೆ ಅದು ನಮ್ಮ ಸರ್ಕಾರದ ವಿಷಯವೆಂದು ನಯವಾಗಿ ಹೇಳಿ, ಕೆರೆ, ಕಸ, ಶಾಲೆ, ದೀಪ ಎಂಬ ತಮ್ಮ ವಿಷಯಗಳಿಗೆ ಬರಬೇಕು. ವಾಸ್ತವವಾಗಿ ಸ್ಥಳೀಯ ಸಂಸ್ಥೆಗಳ ಸೊಗಸು ಇದೇ. ದೇಶಗಳ ಭಿನ್ನಾಭಿಪ್ರಾಯ ಎಷ್ಟೇ ಇರಲಿ, ಚರಂಡಿಯ ನೀರು ಎಲ್ಲ ಊರಿನಲ್ಲಿಯೂ ಇಳಿಜಾರಿಗೇ ಹರಿಯುತ್ತದೆ.

ಇಷ್ಟೆಲ್ಲ ಕ್ರಮವಾಗಿ ನಡೆದರೂ ಭೇಟಿ ವ್ಯರ್ಥವಾಗುವ ಸಂಭವ ಒಂದುಂಟು, ಅದು ದಾಖಲೆಯಿಲ್ಲದಿರುವುದರಿಂದ. ಬೆಂಗಳೂರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1973ರಲ್ಲಿ ಇದ್ದದ್ದು 1949ರಲ್ಲಿ ಸ್ಥಾಪಿತವಾದ ನಗರ ಕಾರ್ಪೊರೇಷನ್. 2007ರಲ್ಲಿ ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. ಅದರ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿಯಲ್ಲಿ ಐದು ನಗರ ಪಾಲಿಕೆಗಳೂ ಬಂದವು. ಅತ್ತ ಸೋವಿಯತ್ ಒಕ್ಕೂಟವೇ 1991ರಲ್ಲಿ ಕೊನೆಗೊಂಡಿತು. ಸ್ನೇಹದ ಕೈ ಕುಲುಕಿದ ಎರಡು ಕಡೆಯವರೂ ರೂಪಾಂತರ ಹೊಂದಿದರು. ಎರಡು ಚೌಕಗಳ ಹೆಸರು ಮಾತ್ರ ನಿಂತಿದೆ. ಮಿನ್ಸ್ಕ್‌ನಿಂದ ಪತ್ರವೊಂದು ಬಂದರೆ ಐದು ಪಾಲಿಕೆಗಳಲ್ಲಿ ಯಾವುದು ಅದನ್ನು ಬಿಚ್ಚಬೇಕು? ಅಂದು ಆಡಿದ ಮಾತು, ಕೊಟ್ಟ ವಚನ ಕಡತದಲ್ಲಿದ್ದರೆ ಯಾರು ಬಿಚ್ಚಿದರೂ ಮುಂದುವರಿಸಬಹುದು. ಹೋದವರ ನೆನಪಿನಲ್ಲಿ ಮಾತ್ರ ಇದ್ದರೆ ಅವರೊಡನೆಯೇ ಅದು ಮುಗಿಯುತ್ತದೆ. ಮೇಯರು ಬದಲಾಗುತ್ತಾರೆ, ಪಾಲಿಕೆಯ ಹೆಸರೂ ಬದಲಾಗುತ್ತದೆ, ಬರೆದಿಟ್ಟದ್ದು ಉಳಿಯುತ್ತದೆ.

ಆದುದರಿಂದ ಸೌಜನ್ಯ ಭೇಟಿ ಮುಗಿಯುವುದು ಪರದೇಶದ ವಿಮಾನ ನಿಲ್ದಾಣದಲ್ಲಲ್ಲ, ತನ್ನ ಊರಿನ ಸಭೆಯಲ್ಲಿ. ಹಿಂದಿರುಗಿದ ಮೇಲೆ ಯಾರನ್ನು ಕಂಡೆವು, ಏನು ಮಾತಾಯಿತು, ಏನು ಕಾಣಿಕೆ ಬಂತು, ಎಷ್ಟು ಖರ್ಚಾಯಿತು, ಮುಂದೇನು ಮಾಡಬಹುದು ಎಂಬ ವರದಿಯನ್ನು ಕನ್ನಡದಲ್ಲಿ ಬರೆದು ಸಭೆಯ ಮುಂದಿಡಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಯಾವ ನಾಗರಿಕನಾದರೂ ಅದನ್ನು ಕೇಳಿ ಪಡೆಯಬಹುದು. ಆದರೆ ಕೇಳಿದ ಮೇಲೆ ಕೊಡುವುದಕ್ಕಿಂತ ಕೇಳುವ ಮುನ್ನ ಹೇಳುವುದು ಮೇಲು.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ತಾಯಿಯವರು ಸದಸ್ಯೆಯಾಗಿದ್ದಾಗ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ತರಬೇತಿಗೆಂದು ಹೋಗಿಬಂದರು. ಅವರ ಪಾಲಿಗೆ ಅದೇ ಪರದೇಶ. ಮರುದಿನ ಬೆಳಿಗ್ಗೆ ನಲ್ಲಿಯ ಬಳಿ ಕೇರಿಯ ಅಜ್ಜಿಯೊಬ್ಬರು, “ಹೋಗಿ ಬಂದ್ಯಲ್ಲವ್ವಾ, ಊರಿಗೇನು ತಂದೆ?” ಎಂದು ಕೇಳಿದರು. ಚಾಮುಂಡಿ ಬೆಟ್ಟದ ಪ್ರಸಾದವನ್ನು ಕುರಿತು ಕೇಳಿದ್ದಿರಬೇಕು. ತಾಯಿಯವರು ಕೊಡ ಕೆಳಗಿಟ್ಟು, “ಗ್ರಾಮಸಭೇಲಿ ಲೆಕ್ಕ ಕೇಳೋ ಬುದ್ಧಿ ತಂದಿವ್ನಿ ಕಣಜ್ಜಿ. ನೀನೂ ಬಾ, ನೀನೂ ಕೇಳ್ಬೋದು” ಎಂದರು. ಕೊಡಗಳು ತುಂಬಿ ಹೊರಚೆಲ್ಲಿದರೂ ಯಾರೂ ಕದಲಲಿಲ್ಲ. ಮೈಸೂರಿನಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಅವರು ಅಲ್ಲಿಯೇ ನಿಂತು ಹೇಳಿದರು. ಮುಂದಿನ ಗ್ರಾಮಸಭೆಗೆ ಆ ಅಜ್ಜಿ ಬಂದಿದ್ದರು.

“ಯಾರ ದುಡ್ಡಿನಲ್ಲಿ?” ಎಂದು ಕೇಳುವ ನಾವು ಅದರೊಡನೆ ಅಜ್ಜಿಯ ಪ್ರಶ್ನೆಯನ್ನೂ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳೋಣ. ಮೊದಲನೆಯ ಪ್ರಶ್ನೆ ತಪ್ಪು ಮಾಡುವವರನ್ನು ತಡೆಯುತ್ತದೆ. ಎರಡನೆಯದು ಸರಿಯಾಗಿ ಮಾಡುವವರಿಗೆ ದಾರಿ ತೋರಿಸುತ್ತದೆ. ನಮ್ಮ ಜಿಲ್ಲೆಯ ವಸಂತನರಸಾಪುರದಂತಹ ಕೈಗಾರಿಕಾ ಪ್ರದೇಶಗಳು ಬೆಳೆದಂತೆ ಹೊರನಾಡಿನವರು ಇತ್ತ ಬರುವುದೂ ನಮ್ಮವರು ಅತ್ತ ಹೋಗುವುದೂ ಹೆಚ್ಚುವುದು ಸಹಜ. ಇಂದು ಈ ಕಾಲೇಜಿನ ಬೆಂಚುಗಳ ಮೇಲೆ ಕುಳಿತಿರುವವರಲ್ಲಿ ಕೆಲವರು ನಾಳೆ ಆ ನಿಯೋಗಗಳ ಸದಸ್ಯರಾದಾರು, ಕೆಲವರು ಕಡತ ಬರೆಯುವ ಗುಮಾಸ್ತರಾದಾರು, ಉಳಿದವರೆಲ್ಲ ಕಂದಾಯ ಕಟ್ಟುವವರಾದಾರು. ಹೋಗುವವರು ಊರಿನ ಪರವಾಗಿ ಹೋಗಲಿ, ಬರೆಯುವವರು ನಿಜವನ್ನು ಬರೆಯಲಿ, ಕಟ್ಟುವವರು ನಲ್ಲಿಯ ಬಳಿ ನಿಂತು ಕೇಳಲಿ: “ಊರಿಗೇನು ತಂದೆ?”